ಬಲದ ಹನಿ

ಲ್ಯಾಂಬರ್ಟ್ಸ್ ಬೇ
8 ಫೆಬ್ರವರಿ 1998

ಪ್ರೀತಿಯ ತಂಗಿ ಡೀನಾ,

ನಿನ್ನ ಮಗಳು ಚೆನ್ನಾಗಿದ್ದಾಳೆ. ಈ ಮಾತನ್ನು ಮೊದಲೇ ಬರೆದುಬಿಟ್ಟೆ, ಮುಂದಿನದನ್ನು ಓದಿದ ಮೇಲೆ ನೀನು ನಂಬುವುದಿಲ್ಲ.

ನಿನ್ನೆ ಡೆಲ್ಮರಿಯನ್ನು ಬ್ರೆಡ್ ತರಲು ಕಳಿಸಿದೆ. ಬೇಕರಿ ನಮ್ಮ ಬೀದಿಯ ತುದಿಗಿದೆ, ಅವಳಿಗೆ ಒಂಬತ್ತು ತುಂಬಿದೆ. ಎಷ್ಟೋ ಹೊತ್ತಿಗೆ ಬರಿಗೈಯಲ್ಲಿ ಬಂದಳು.

"ಬ್ರೆಡ್ ಎಲ್ಲೇ?"

"ಒಬ್ಬ ಮಾಮ ಕೇಳ್ದ. ಕೊಟ್ಬಿಟ್ಟೆ."

"ಯಾವ ಮಾಮ?"

"ಒಳ್ಳೇ ಮಾಮ."

ಬಂದರಿನಲ್ಲಿ ದೋಣಿ ಇಳಿದ ಯಾವನೋ ಇರಬೇಕು. ಬ್ರೆಡ್ ಹೋದರೆ ಹೋಯಿತು. ನಾಳೆ ಅದೇ ಒಳ್ಳೇ ಮಾಮ "ಬಾ" ಅಂದರೆ ಇವಳು ಹೋಗಿಬಿಡುತ್ತಾಳಲ್ಲ, ಅದನ್ನು ನೆನೆದು ನನಗೆ ಊಟ ಸೇರುತ್ತಿಲ್ಲ.

ಸೋಮವಾರ ಶೂ ದಾರ ಕಟ್ಟಲು ಬರುತ್ತದೆ, ಮಂಗಳವಾರ ಬರುವುದಿಲ್ಲ. ಒಮ್ಮೆ ಸುಟ್ಟ ಒಲೆಗೇ ಮತ್ತೆ ಕೈ ಇಡುತ್ತಾಳೆ. ಬೈದರೆ ಅಳುತ್ತಾಳೆ, ಅಳು ನಿಂತ ಮೇಲೆ ಯಾಕೆ ಬೈದೆ ಎಂದು ಕೇಳುತ್ತಾಳೆ. ಮರದ ಸೌಟನ್ನೂ ತೋರಿಸಿ ನೋಡಿದೆ. ಸೌಟಿಗೆ ನಾಚಿಕೆಯಾಯಿತೇ ಹೊರತು ಅವಳಿಗೆ ಏನೂ ಆಗಲಿಲ್ಲ. ಶಾಲೆಯ ಫಿಲಾಂಡರ್ ಮೇಡಂ ನನ್ನ ಅಂಗಡಿಗೇ ಬಂದು ಹೇಳಿ ಹೋದರು: "ಸೋಮಾರಿ ಹುಡುಗಿ ಹೆಸ್ಟರ್. ಈಗ ಸುಳ್ಳೂ ಕಲ್ತಿದಾಳೆ." ಜೂನ್ ರಜೆಯೊಳಗೆ ತಿದ್ದಿಕೊಳ್ಳದಿದ್ದರೆ ಶಾಲೆಯಿಂದ ತೆಗೆಯುತ್ತಾರಂತೆ.

ಒಂದು ಮಾತು ನಿಜ ಹೇಳು. ಎಳೆಗೂಸಾಗಿದ್ದಾಗ ಅವಳನ್ನು ಯಾರಾದರೂ ಕೆಳಗೆ ಬೀಳಿಸಿದ್ದರೇ? ನಿನ್ನ ಗಂಡ ಫ್ರೀಕನ ಕಡೆಯವರಲ್ಲಿ ಯಾರಾದರೂ ಹೀಗಿದ್ದರೇ? ನಿನ್ನ ಕೈಯಲ್ಲಿ ಆಗುವುದಿಲ್ಲವೆಂದು ನಾಲ್ಕು ವರ್ಷದ ಹಿಂದೆ ನಾನು ಕರೆದುಕೊಂಡು ಬಂದೆ, ಅದಕ್ಕೆ ಬೇಸರವಿಲ್ಲ. ಆದರೆ ಇನ್ನೊಂದು ಹೆತ್ತು ನನ್ನ ಬಾಗಿಲಿಗೆ ತರಬೇಡ ಮಾರಾಯ್ತಿ. ಒಂದಕ್ಕೇ ನನ್ನ ತಲೆ ಬೆಳ್ಳಗಾಗಿದೆ.

ಅಪೋಲಿಸ್ ಮಾಮನ ಮೀನಿನ ಲಾರಿ ಗುರುವಾರ ನಿಮ್ಮ ಕಣಿವೆಗೆ ಬರುತ್ತದೆ. ಒಣಮೀನಿನ ಜೊತೆ ಬಲದ ಹನಿಯ ಎರಡು ಸೀಸೆ ಇಟ್ಟಿದ್ದೇನೆ, ಹೊಟ್ಟೆ ತೊಳಸುತ್ತದೆ ಎಂದು ಹೇಳಿ ಕಳಿಸಿದ್ದೆಯಲ್ಲ. ಅಜ್ಜಿಯ ತಗಡಿನ ಮದ್ದಿನ ಡಬ್ಬಿಯಲ್ಲಿ ಇರುತ್ತಿತ್ತಲ್ಲ, ಅದೇ. ಸಕ್ಕರೆ ನೀರಿಗೆ ನಾಲ್ಕು ಹನಿ ಬಿಟ್ಟುಕೋ. ನನ್ನ ಅಂಗಡಿಯಲ್ಲಿ ವೈನಿಗೆ ಎಂದೂ ಜಾಗ ಕೊಟ್ಟವಳಲ್ಲ ನಾನು, ಔಷಧಿಗೆ ಯಾವತ್ತೂ ಇಲ್ಲವೆಂದವಳೂ ಅಲ್ಲ.

ನಿನ್ನ ಅಕ್ಕ,
ಹೆಸ್ಟರ್


ತೋಟದಿಂದ
1 ಮಾರ್ಚ್ 1998

ಅಕ್ಕಾ,

ಯಾರೂ ಬೀಳಿಸಲಿಲ್ಲ. ಹುಟ್ಟಿದಾಗ ಸಣ್ಣಗಿದ್ದಳು, ಶೂ ಪೆಟ್ಟಿಗೆಯಲ್ಲಿ ಮಲಗಿಸಬಹುದಿತ್ತು. ಆದರೆ ಈ ತೋಟದಲ್ಲಿ ಎಲ್ಲರ ಮಕ್ಕಳೂ ಸಣ್ಣವೇ. ದೊಡ್ಡದು ಹುಟ್ಟಿದರೆ ಜನ ನೋಡಲು ಬರುತ್ತಾರೆ.

ಆ ಮೇಡಂಗೆ ಏನು ಗೊತ್ತು. ಡೆಲ್ಮರಿ ಕೇಳಿದವರಿಗೆ ಬ್ರೆಡ್ ಕೊಟ್ಟಳು. ನೀನು ಕೇಳಿದವರಿಗೂ ಕೊಡುವವಳಲ್ಲ, ಅದಕ್ಕೇ ನಿನಗೆ ವಿಚಿತ್ರವಾಗಿ ಕಂಡಿದೆ. ತಮಾಷೆಗೆ ಹೇಳಿದೆ.

ದ್ರಾಕ್ಷಿ ಕೊಯ್ಲು ಇನ್ನೂ ಮುಗಿದಿಲ್ಲ. ಬೆಳಿಗ್ಗೆ ಸಾಲಿನ ನಡುವೆ ನಿಂತರೆ ತಲೆ ತಿರುಗುತ್ತದೆ. ಬಲದ ಹನಿ ಒಳ್ಳೆಯದು, ಎದೆಯೊಳಗೆ ಬೆಚ್ಚಗಾಗುತ್ತದೆ. ಇನ್ನೂ ನಾಲ್ಕು ಸೀಸೆ ಕಳಿಸು. ಈಸ್ಟರಿಗೆ ಅಮ್ಮ ಬರುತ್ತಾಳೆ ಎಂದು ಅವಳಿಗೆ ಹೇಳು.

ಡೀನಾ


ಲ್ಯಾಂಬರ್ಟ್ಸ್ ಬೇ
29 ಮಾರ್ಚ್ 1998

ಡೀನಾ,

ಡೆಲ್ಮರಿಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಕೇಪ್‌ಟೌನಿನಿಂದ ಬಂದ ಡಾಕ್ಟರು ಅವಳ ತಲೆಗೆ ಟೇಪು ಸುತ್ತಿದರು, ಕಣ್ಣಿನ ಅಗಲ ಅಳೆದರು, ಮೂಗಿಗೂ ತುಟಿಗೂ ನಡುವಿನ ಜಾಗವನ್ನು ಬೆರಳಿಟ್ಟು ನೋಡಿದರು. ಮದುವೆಯ ಬಟ್ಟೆಗೆ ದರ್ಜಿ ಕೂಡ ಅಷ್ಟು ಅಳೆಯುವುದಿಲ್ಲ. ಆಮೇಲೆ ನಿನ್ನ ವಿಚಾರಕ್ಕೆ ಬಂದರು.

"ಬಸುರಿಯಾಗಿದ್ದಾಗ ತಾಯಿ ಕುಡೀತಿದ್ರಾ?"

"ದ್ರಾಕ್ಷಿ ತೋಟ ಡಾಕ್ಟ್ರೇ. ಅಲ್ಲಿ ಕುಡೀದವ್ರು ಯಾರು, ಕತ್ತೆ ಒಂದೇ" ಅಂದೆ.

ಅವರು ನಗಲಿಲ್ಲ, ಬರೆದುಕೊಂಡರು. ಉದ್ದದ ಹೆಸರೊಂದನ್ನು ಹೇಳಿದರು, ನನ್ನ ಬಾಯಿಗೆ ಅದು ತಿರುಗುವುದಿಲ್ಲ. ಹುಟ್ಟಿನಿಂದಲೇ ಬಂದದ್ದಂತೆ, ಮಿದುಳಿನದಂತೆ. ಅಷ್ಟೇ. ನೀನು ತಲೆ ಕೆಡಿಸಿಕೊಳ್ಳಬೇಡ.

ಇಲ್ಲಿಯ ನರ್ಸು ಸಿಸ್ಟರ್ ಅರೆಂಡ್ಸೆ ಹೇಳಿದ್ದು ಮಾತ್ರ ನನ್ನ ತಲೆಯೊಳಗೆ ಕೂತಿದೆ. "ಹೆಸ್ಟರ್, ಅವ್ಳು ಬೇಕೂಂತ ಮಾಡದೇ ಇರೋದಲ್ಲ. ಅವ್ಳಿಗೆ ಆಗಲ್ಲ. ನಿನ್ನೆ ಕಲ್ತದ್ದು ಇವತ್ತು ಸಿಗಲ್ಲ ಅವ್ಳಿಗೆ. ಸುಳ್ಳೂ ಅಲ್ಲ ಅದು, ಮರೆತ ಜಾಗಕ್ಕೆ ಏನೋ ಒಂದು ತೇಪೆ ಹಾಕ್ತಾಳೆ." ಇಷ್ಟು ದಿನ ಸೌಟು ತೋರಿಸಿದೆನಲ್ಲ ಎಂದು ಮನೆಗೆ ಬಂದವಳೇ ಅದನ್ನು ಒಲೆಗೆ ಹಾಕಿದೆ.

ಈಗ ಒಂದು ಸಲಕ್ಕೆ ಒಂದೇ ಮಾತು ಹೇಳುತ್ತೇನೆ. "ಶೂ ಹಾಕ್ಕೋ." ಅದಾದ ಮೇಲೆ "ಚೀಲ ತಗೋ." ಗೋಡೆಯ ಮೇಲೆ ಹಲ್ಲುಜ್ಜುವ, ಬಟ್ಟೆ ಹಾಕಿಕೊಳ್ಳುವ, ಊಟ ಮಾಡುವ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದೇನೆ. ನನ್ನ ಬಾಯಿಗೆ ಇದು ದೊಡ್ಡ ಶಿಕ್ಷೆ, ನಿನಗೆ ಗೊತ್ತಲ್ಲ. ಆದರೆ ಮೀನು ಒಣಹಾಕಲು ಕೂರಿಸಿದರೆ ಸಾಲು ಒಂದಿಷ್ಟೂ ಸೊಟ್ಟಗಾಗುವುದಿಲ್ಲ. ಪಕ್ಕದ ಮನೆಯ ಕೂಸು ಅಳುತ್ತಿದ್ದರೆ ಇವಳು ಎತ್ತಿಕೊಂಡ ಕೂಡಲೇ ಸುಮ್ಮನಾಗುತ್ತದೆ. ಸಿಸ್ಟರ್ ಶಾಲೆಗೂ ಹೋಗಿ ಮಾತಾಡಿದರು. ಫಿಲಾಂಡರ್ ಮೇಡಂ ಅವಳನ್ನು ಮುಂದಿನ ಬೆಂಚಿಗೆ ಕೂರಿಸಿದ್ದಾರೆ, ಮುಖ ಮಾತ್ರ ಇನ್ನೂ ಸಡಿಲ ಮಾಡಿಲ್ಲ.

ನಾಲ್ಕು ಸೀಸೆ ಇಟ್ಟಿದ್ದೇನೆ. ಈಸ್ಟರಿಗೆ ಬಾ. ಬರುವುದಿಲ್ಲವಾದರೆ ಈಗಲೇ ತಿಳಿಸು, ಇವಳು ಬಾಗಿಲಲ್ಲೇ ಕೂತುಬಿಡುತ್ತಾಳೆ.

ಹೆಸ್ಟರ್


ತೋಟದಿಂದ
26 ಏಪ್ರಿಲ್ 1998

ಅಕ್ಕಾ,

ಈಸ್ಟರಿಗೆ ಮೈ ಸರಿ ಇರಲಿಲ್ಲ.

ಆ ಡಾಕ್ಟರು ಕುಡಿಯುವ ವಿಚಾರ ಯಾಕೆ ಕೇಳಿದರು? ನೀನು ಯಾಕೆ ಹಾಗೆ ಹೇಳಿದೆ? ನನ್ನ ಹೆಸರು ಬರೆದುಕೊಂಡರೇ, ತೋಟದ ಹೆಸರು? ಆಚೆಯ ತೋಟಕ್ಕೆ ಸರ್ಕಾರದ ಹೆಂಗಸರು ಬಂದು ಒಬ್ಬಳ ಎರಡು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅವಳು ಕಾರಿನ ಹಿಂದೆ ಓಡಿದಳು.

ಅವರಿಗೆ ಹೇಳು, ಡೀನಾ ಈಗ ಕುಡಿಯುವುದಿಲ್ಲ ಎಂದು. ನಿಜ. ಶುಕ್ರವಾರ ಕೂಲಿ ಸಿಕ್ಕ ಮೇಲೆ ಎಲ್ಲರೂ ಕುಡಿಯಲು ಕೂತಾಗ ನಾನೂ ಕೂರುತ್ತೇನೆ, ವೈನಿನ ಚೀಲ ನನ್ನ ಹತ್ತಿರ ಬಂದರೆ ಮುಂದಿನವರಿಗೆ ದಾಟಿಸುತ್ತೇನೆ. ಫ್ರೀಕ್ ನಗುತ್ತಾನೆ. "ನೋಡ್ರೋ, ನಮ್ಮನೇಗೆ ಪಾದ್ರಿ ಬಂದವ್ನೆ" ಅನ್ನುತ್ತಾನೆ. ಹಗಲು ಕೈ ನಡುಗುತ್ತದೆ, ಬಲದ ಹನಿ ಕುಡಿದರೆ ನಿಲ್ಲುತ್ತದೆ. ನಿನ್ನ ಔಷಧಿಯಿಂದಲೇ ಬಿಟ್ಟೆ. ಎಂಟು ಸೀಸೆ ಕಳಿಸು.

ಡೆಲ್ಮರಿ ಕೂಸಾಗಿದ್ದಾಗ ಸುತ್ತುತ್ತಿದ್ದ ಹಳದಿ ಉಣ್ಣೆ ಶಾಲು ನಿನ್ನ ಹತ್ತಿರ ಇದ್ದರೆ ಅದನ್ನೂ ಕಳಿಸು. ಇಲ್ಲಿ ಒಬ್ಬ ಹುಡುಗಿಗೆ ಬೇಕಾಗಿದೆ.

ಡೀನಾ


ಲ್ಯಾಂಬರ್ಟ್ಸ್ ಬೇ
17 ಮೇ 1998

ನನ್ನ ಬಂಗಾರದ ತಂಗಿ,

ನಿನ್ನ ಪತ್ರವನ್ನು ಚರ್ಚಿನ ಹೆಂಗಸರ ಮುಂದೆ ಓದಬೇಕೆನ್ನಿಸಿತು. ಓದಲಿಲ್ಲ, ಆದರೆ ಹೆಮ್ಮೆಯನ್ನು ಮುಖದಲ್ಲಿ ತೋರಿಸಿಕೊಂಡೆ. ವೈನಿನ ಚೀಲ ಮುಂದಕ್ಕೆ ದಾಟಿಸುವುದು ಎಂಥ ಕೆಲಸವೆಂದು ನನಗೆ ಗೊತ್ತು, ನಮ್ಮಪ್ಪನಿಗೆ ಜನ್ಮದಲ್ಲಿ ಅದು ಆಗಲಿಲ್ಲ. ಅಪೋಲಿಸ್ ಮಾಮ ಕೂಡ ಹೇಳಿದ: "ನಿನ್ ತಂಗಿ ಮೈಕೈ ತುಂಬ್ಕೊಂಡಿದಾಳೆ ಕಣಮ್ಮ, ಗುರುತೇ ಸಿಗಲ್ಲ." ಬಲದ ಹನಿಯ ಗುಣ ನೋಡು. ಎಂಟು ಕೇಳಿದ್ದೀಯ, ಹತ್ತು ಇಟ್ಟಿದ್ದೇನೆ. ಅಷ್ಟೊಂದನ್ನು ಸಾರಿಗೆ ಹಾಕುತ್ತೀಯೋ ಏನೋ, ಕೇಳುವುದಿಲ್ಲ.

ಶಾಲೂ ಇದೆ. ಯಾರು ಆ ಬಸುರಿ ಹುಡುಗಿ? ಯಾರೇ ಇರಲಿ, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಈ ಮಾತು ಹೇಳು. ನಾನು ಬುಧವಾರ ಅಂಗಡಿ ಮುಚ್ಚಿ ಕ್ಲಿನಿಕ್ಕಿನಲ್ಲಿ ಇಂಥ ಮಕ್ಕಳ ಮನೆಯವರ ಜೊತೆ ಕೂರುತ್ತಿದ್ದೇನೆ, ಅಲ್ಲಿ ಕೇಳಿದ್ದು. ತಾಯಿ ಕುಡಿದದ್ದನ್ನೆಲ್ಲ ಹೊಟ್ಟೆಯೊಳಗಿನ ಕೂಸೂ ಕುಡಿಯುತ್ತದೆ. ತಾಯಿಗೆ ಬೆಳಗಾಗುವ ಹೊತ್ತಿಗೆ ಅಮಲು ಇಳಿಯುತ್ತದೆ, ಕೂಸಿನ ಮಿದುಳಿಗೆ ಆದ ಪೆಟ್ಟು ಇಳಿಯುವುದಿಲ್ಲ. ಆಮೇಲೆ ಅದು ಬೆಳೆದು ಮರೆಯುತ್ತದೆ, ಸುಟ್ಟ ಒಲೆಯನ್ನೇ ಮುಟ್ಟುತ್ತದೆ, ಕರೆದವರ ಹಿಂದೆ ಹೋಗುತ್ತದೆ. ಯಾವ ತಿಂಗಳಲ್ಲಿ ಬಿಟ್ಟರೂ ಅಲ್ಲಿಂದ ಮುಂದಿನದು ಉಳಿಯುತ್ತದೆ, ಆದ್ದರಿಂದ ತಡವಾಯಿತೆಂದು ಕೈಚೆಲ್ಲಬಾರದು.

ಆ ಹುಡುಗಿಗೆ ಬೈಯಬೇಡ. ಸಿಸ್ಟರ್ ಅರೆಂಡ್ಸೆ ಹೇಳುತ್ತಾರೆ, ನಮ್ಮ ಅಜ್ಜಂದಿರಿಗೆ ಕೂಲಿಯ ಲೆಕ್ಕದಲ್ಲೇ ವೈನ್ ಅಳೆದು ಕೊಟ್ಟ ತೋಟದ ಮಾಲೀಕರು ಯಾರೂ ಇವತ್ತು ಕ್ಲಿನಿಕ್ಕಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿಲ್ಲ, ಬರೀ ತಾಯಂದಿರು ಕೂತಿದ್ದಾರೆ ಎಂದು.

ಹೆಸ್ಟರ್


ತೋಟದಿಂದ
14 ಜೂನ್ 1998

ಅಕ್ಕಾ,

ಆ ಹುಡುಗಿಗೆ ಹೇಳಿದೆ.

ಅವಳು ಎರಡು ಮಾತು ಕೇಳಿದಳು. ನೀನು ಸಿಸ್ಟರನ್ನು ಕೇಳಿ ಬರೆ.

ಅವಳಿಗೆ ಮೊದಲೇ ಒಂದು ಮಗು ಇದೆ. ಅದನ್ನು ಹೊತ್ತಾಗ ಅವಳಿಗೆ ಇದೆಲ್ಲ ಯಾರೂ ಹೇಳಿರಲಿಲ್ಲ. ಹೆರಿಗೆ ಮಾಡಿಸುವ ಫೈಕಿ ಅಜ್ಜಿಯೇ ರಕ್ತಕ್ಕೆ ಒಳ್ಳೆಯದು ಎಂದು ಕೆಂಪು ವೈನ್ ಕೊಟ್ಟಿದ್ದಳು. ಆ ಮಗುವಿಗೆ ಗೊತ್ತಾಗುತ್ತದೆಯೇ, ಇದು ಅಮ್ಮನಿಂದ ಆದದ್ದು ಎಂದು? ಯಾರಾದರೂ ಹೇಳುತ್ತಾರೆಯೇ?

ಎರಡನೆಯದು. ಈಗ ಅವಳು ವೈನ್ ಮುಟ್ಟುವುದಿಲ್ಲ, ಫೆಬ್ರವರಿ ಕಳೆದ ಮೇಲೆ ಒಂದು ಗುಟುಕೂ ಇಲ್ಲ. ಬೆಳಿಗ್ಗೆ ಎದ್ದರೆ ಕೈ ನಡುಗಿ ಕತ್ತರಿ ಹಿಡಿಯಲು ಆಗುವುದಿಲ್ಲ, ಬಳ್ಳಿ ಸವರುವ ಕೆಲಸ ಶುರುವಾಗಿದೆ. ಅದಕ್ಕೆ ಬಲದ ಹನಿ ಕುಡಿಯುತ್ತಾಳೆ. ನೀರು ಹಾಕಿಕೊಳ್ಳುವುದಿಲ್ಲ, ಸೀಸೆಯಿಂದಲೇ. ಸಂಜೆ ಇನ್ನೊಂದು. ಔಷಧಿ ತಾನೆ, ಅದರಿಂದ ಕೂಸಿಗೆ ಬಲವೇ ಬರುತ್ತದೆ ಅಲ್ಲವೇ?

ಹತ್ತೂ ಮುಗಿದವು. ಊರಿನ ಅಂಗಡಿಯಲ್ಲೂ ಸಿಗುತ್ತದೆ, ಆದರೆ ನಿನ್ನದೇ ಮೇಲು.

ಡೀನಾ


ಲ್ಯಾಂಬರ್ಟ್ಸ್ ಬೇ
24 ಜೂನ್ 1998

ಡೀನಾ,

ಕೂತು ಓದು. ಪೂರ್ತಿ ಓದು.

ನಿನ್ನ ಪತ್ರ ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದೆ. ಒಂದು ಸೀಸೆಯನ್ನೂ ಒಯ್ದಿದ್ದೆ, ನನ್ನ ಔಷಧಿಯ ಪ್ರತಾಪ ತೋರಿಸಬೇಕಿತ್ತಲ್ಲ. ಸಿಸ್ಟರ್ ಕನ್ನಡಕ ಏರಿಸಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಹೆಸ್ಟರ್, ಇದರ ಮೇಲೆ ಬರ್ದಿರೋದು ಓದಿದ್ಯಾ?"

"ಓದೋಕೇನಿದೆ ಸಿಸ್ಟರ್? ನಮ್ಮಜ್ಜಿ ಕಾಲದ್ದು."

"ಅರ್ಧಕ್ಕಿಂತ ಜಾಸ್ತಿ ಸಾರಾಯಿ ಇದೆ ಇದ್ರಲ್ಲಿ. ವೈನ್ ಬಿಡು, ಬ್ರಾಂದಿಗಿಂತ ಗಟ್ಟಿ. ನಾಲ್ಕು ಹನಿಗೆ ಏನೂ ಆಗಲ್ಲ. ಸೀಸೆ ಸೀಸೆ ಕುಡೀತಿರೋದು ಯಾರು?"

ನಾನು "ಯಾರೋ ಒಬ್ಬ ಹುಡುಗಿ" ಅಂದೆ. ಅನ್ನುವಾಗಲೇ ನನಗೆ ಗೊತ್ತಾಯಿತು. ಬೆಳಗಿನ ತೊಳಸು, ಹಳದಿ ಶಾಲು, ಮೈಕೈ ತುಂಬಿಕೊಂಡದ್ದು. ಅಂಗಡಿಯಲ್ಲಿ ಯಾರು ಎಷ್ಟು ಕೊಂಡರೆ ಅವರ ಮನೆಯಲ್ಲಿ ಏನು ನಡೆದಿದೆ ಎಂದು ಹೇಳಬಲ್ಲೆ ಎಂದು ಮೆರೆಯುತ್ತಿದ್ದವಳು ನಾನು. ಸ್ವಂತ ತಂಗಿಯ ವಿಚಾರದಲ್ಲಿ ಕುರುಡಿ. ಇನ್ನೊಂದು ಹೆತ್ತು ಬಾಗಿಲಿಗೆ ತರಬೇಡ ಎಂದು ನಾನು ಬರೆದದ್ದನ್ನು ನೀನು ನಿಜವೆಂದು ತಿಳಿದೆಯಲ್ಲ.

ನಿನ್ನ ಮೊದಲ ಪ್ರಶ್ನೆಗೆ ಉತ್ತರ: ಯಾರಾದರೂ ಹೇಳದೆ ಆ ಮಗುವಿಗೆ ಗೊತ್ತಾಗುವುದಿಲ್ಲ, ಯಾರೂ ಹೇಳಿಲ್ಲ. ಆದರೆ ಡೆಲ್ಮರಿಗೆ ಇರುವುದು ಅದೇ, ಕುಡಿತದಿಂದ ಆದದ್ದು. ಮಾರ್ಚ್ ತಿಂಗಳಲ್ಲೇ ನನಗೆ ಗೊತ್ತಿತ್ತು, ನಿನಗೆ ನೋವಾಗುತ್ತದೆಂದು ಹೇಳಲಿಲ್ಲ. ಎರಡನೆಯದಕ್ಕೆ ಉತ್ತರ: ಬಲದ ಹನಿಯೂ ಕೂಸಿಗೆ ವೈನೇ. ನೀನು ವೈನ್ ಬಿಟ್ಟದ್ದು ನಿಜ, ಅದು ನಿನ್ನ ಗಟ್ಟಿತನ. ಕಳಿಸಿದವಳು ನಾನು.

ಈಗ ಮುಖ್ಯವಾದದ್ದು. ಇದನ್ನು ನೀನು ಒಬ್ಬಳೇ ಒಮ್ಮೆಲೇ ನಿಲ್ಲಿಸಬೇಡ. ಮೈಗೆ ಅಭ್ಯಾಸವಾದ ಮೇಲೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುತ್ತದೆ, ತಾಯಿಗೂ ಕೂಸಿಗೂ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಮಲಗಿಸಿಕೊಂಡು, ಬೇರೆ ಔಷಧಿ ಕೊಟ್ಟು ಬಿಡಿಸುತ್ತಾರೆ. ಸಿಸ್ಟರ್ ಮಾತಾಡಿ ಇಟ್ಟಿದ್ದಾರೆ. ಅಪೋಲಿಸ್ ಮಾಮ ನಾಳೆ ಬೆಳಿಗ್ಗೆ ಈ ಪತ್ರ ಕೊಡುತ್ತಾನೆ, ಮೀನು ಮಾರಿಕೊಂಡು ಸಂಜೆ ವಾಪಸ್ ಬರುವಾಗ ನಿನ್ನನ್ನು ಹತ್ತಿಸಿಕೊಳ್ಳುತ್ತಾನೆ. ಬಟ್ಟೆ ಗಂಟು ಕಟ್ಟಿಕೊಳ್ಳದಿದ್ದರೂ ಹತ್ತು. ಯಾರೂ ನಿನ್ನ ಹೆಸರು ಬರೆದು ಮಗುವನ್ನು ಒಯ್ಯುವುದಿಲ್ಲ. ನಾನಿದ್ದೇನೆ.

ಹೆಸ್ಟರ್


ಲ್ಯಾಂಬರ್ಟ್ಸ್ ಬೇ
28 ಜೂನ್ 1998

ಡೀನಾ, ಎಲ್ಲಿದ್ದೀಯ?

ಲಾರಿ ಖಾಲಿ ಬಂತು. ನಾನು ಅಪೋಲಿಸ್ ಮಾಮನ ಮೇಲೆ ಎಗರಾಡಿದೆ. "ನನ್ನ ಯಾಕಮ್ಮ ತಿಂತೀಯ? ಬೆಳಿಗ್ಗೆ ಅವಳ ಕೈಗೇ ಕೊಟ್ಟೆ. ನಿಂತಲ್ಲೇ ಓದ್ತಾ ಇದ್ಲು. ಸಂಜೆ ಹೋದ್ರೆ ಬಾಗ್ಲು ಹಾಕಿತ್ತು, ಹಾರ್ನ್ ಹೊಡ್ದು ಹೊಡ್ದು ತೋಟದ ನಾಯಿಗಳೆಲ್ಲ ಸೇರಿದ್ವು, ಅವಳು ಮಾತ್ರ ಬರ್ಲಿಲ್ಲ" ಎಂದ.

ತೋಟದ ಕಚೇರಿಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ. ಮತ್ತೆ ಮಾಡಿದಾಗ ಯಾರೋ ಎತ್ತಿ, ಕೆಲಸದವರ ವಿಚಾರ ಸೋಮವಾರ ಎಂದು ಇಟ್ಟುಬಿಟ್ಟರು. ನನ್ನ ಮಾತು ನಿನಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ. ಬೈದಂತೆ ಕೇಳಿಸಿದ್ದರೆ ಅದು ನನ್ನ ಕೈಬರಹದ ದೋಷ. ಒಂದು ಸಾಲು ಬರೆ. ಬೇರೆಯವರಿಂದಾದರೂ ಬರೆಸು.

ಡೆಲ್ಮರಿ ನನ್ನ ಮುಖ ನೋಡಿ "ದೊಡ್ಡಮ್ಮ, ಹೊಟ್ಟೆನೋವಾ?" ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?

ಹೆಸ್ಟರ್


ಪೇಟೆಯ ಆಸ್ಪತ್ರೆ
5 ಜುಲೈ 1998

ಅಕ್ಕಾ,

ಬದುಕಿದ್ದೇನೆ. ಕೂಸೂ ಇದೆ. ಇಲ್ಲಿಯ ನರ್ಸು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಅದರ ಎದೆಬಡಿತ ಕೇಳಿಸಿದಳು, ಕುದುರೆ ಓಡಿದ ಹಾಗೆ.

ನಿನ್ನ ಪತ್ರವನ್ನು ನಾನು ಪೂರ್ತಿ ಓದಲಿಲ್ಲ. ಡೆಲ್ಮರಿಗೆ ಇರುವುದು ಅದೇ ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಮಡಿಚಿಟ್ಟೆ. ಮನೆಯೊಳಗೆ ಹೋಗಿ ಊರಿನ ಅಂಗಡಿಯಿಂದ ತಂದಿದ್ದ ಸೀಸೆಗಳನ್ನೆಲ್ಲ ಬಳ್ಳಿಗಳ ಬುಡಕ್ಕೆ ಸುರಿದೆ. ಬಾಗಿಲು ಹಾಕಿಕೊಂಡೆ. ಹಾರ್ನ್ ಕೇಳಿಸಿತು, ಸರ್ಕಾರದವರು ಬಂದರೆಂದು ತಿಳಿದು ಮಂಚದ ಹಿಂದೆ ಕೂತೆ. ಶನಿವಾರ ಏನಾಯಿತೆಂದು ನನಗೆ ಗೊತ್ತಿಲ್ಲ. ನೆಲದ ಮೇಲೆ ಒದ್ದಾಡುತ್ತಿದ್ದೆನಂತೆ. ಫ್ರೀಕ್ ನನ್ನನ್ನು ಟ್ರಾಕ್ಟರಿನ ಹಿಂದಿನ ಗಾಡಿಯಲ್ಲಿ, ದ್ರಾಕ್ಷಿ ತುಂಬುವ ಡಬ್ಬಗಳ ನಡುವೆ ಮಲಗಿಸಿಕೊಂಡು ದೊಡ್ಡ ರಸ್ತೆಯವರೆಗೆ ಬಂದನಂತೆ, ಅಲ್ಲಿಂದ ಆಂಬುಲೆನ್ಸ್. ಅವನು ಅಳುವುದನ್ನು ಮೊದಲ ಸಲ ನೋಡಿದೆ ಎಂದು ಫೈಕಿ ಅಜ್ಜಿ ಹೇಳಿದಳು.

ಉಳಿದ ಅರ್ಧ ಪತ್ರವನ್ನು ಇಲ್ಲಿ ಹಾಸಿಗೆಯ ಮೇಲೆ ಓದಿದೆ.

ಕೈ ಈಗ ಅಷ್ಟು ನಡುಗುವುದಿಲ್ಲ. ಕೂಸಿಗೆ ಏನಾಗಿದೆ ಎಂದು ಕೇಳಿದೆ. ಈಗ ಹೇಳಲು ಬರುವುದಿಲ್ಲವಂತೆ, ಹುಟ್ಟಿದ ಮೇಲೂ ಕೂಡಲೇ ಗೊತ್ತಾಗದಂತೆ, ನಡೆಯಬೇಕು, ಮಾತಾಡಬೇಕು, ಶಾಲೆಗೆ ಹೋಗಬೇಕು. ಅಷ್ಟು ವರ್ಷ ಅದರ ಮುಖವನ್ನೇ ನೋಡುತ್ತಾ ಕೂರಬೇಕು. "ಇನ್ನು ಮುಂದೆ ಕುಡೀಲಿಲ್ಲ ಅಂದ್ರೆ ಅಷ್ಟು ಲಾಭ ಅದಕ್ಕೆ. ಅದೊಂದು ನಿನ್ ಕೈಲಿದೆ" ಎಂದು ನರ್ಸು ಹೇಳಿದಳು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ತೋಟಕ್ಕೆ ಹೋದರೆ ಮತ್ತೆ ಶುಕ್ರವಾರ ಬರುತ್ತದೆ. ನಿನ್ನ ಹತ್ತಿರ ಬರುತ್ತೇನೆ. ಆದರೆ ಒಂದು ಮಾತು. ಡೆಲ್ಮರಿಗೆ ನೀನು ಹೇಳಬೇಡ, ಸಿಸ್ಟರೂ ಹೇಳುವುದು ಬೇಡ. ಅವಳಿಗೆ ಯಾಕೆ ಹೀಗಾಗಿದೆ ಎಂದು ನಾನೇ ಹೇಳಬೇಕು. ಒಂದು ಸಲ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ಅವಳು ನನ್ನನ್ನು ಏನು ಬೇಕಾದರೂ ಮಾಡಲಿ.

ಡೀನಾ


ಲ್ಯಾಂಬರ್ಟ್ಸ್ ಬೇ
8 ಜುಲೈ 1998

ಡೀನಾ,

ನಿನ್ನ ಪತ್ರ ಓದಿ ಅಂಗಡಿಯ ಬಾಗಿಲು ಹಾಕಿದೆ. ಗಿರಾಕಿಗಳು ನಾನು ಸತ್ತೆನೆಂದು ತಿಳಿದು ವಿಚಾರಿಸಲು ಬಂದರು.

ಹಿಂದಿನ ಕೋಣೆ ಖಾಲಿ ಮಾಡಿದ್ದೇನೆ. ಬುಧವಾರದ ಹೆಂಗಸರಲ್ಲಿ ನಾಲ್ವರು ತಾಯಂದಿರಿದ್ದಾರೆ, ಒಬ್ಬಳಂತೂ ನನಗಿಂತ ಹೆಚ್ಚು ಮಾತಾಡುತ್ತಾಳೆ. ಅವರ ನಡುವೆ ನೀನು ತಲೆ ಎತ್ತಿಕೊಂಡು ಕೂರಬಹುದು. ಶಾಲೆಯವರು ಡೆಲ್ಮರಿಯನ್ನು ತೆಗೆಯುವ ಮಾತು ಬಿಟ್ಟಿದ್ದಾರೆ. ನೀನು ಬರುವುದನ್ನು ಅವಳಿಗೆ ಇನ್ನೂ ಹೇಳಿಲ್ಲ. ಗುರುವಾರದ ಲಾರಿಯಲ್ಲಿ ಅಮ್ಮ ಬರುತ್ತಾಳೆಂದರೆ ಅವಳಿಗೆ ಅದು ಇವತ್ತೇ, ಬೆಳಿಗ್ಗೆಯಿಂದ ಬಾಗಿಲಲ್ಲಿ ಕೂರುತ್ತಾಳೆ. ಲಾರಿ ಕಂಡ ಮೇಲೆ ಹೇಳುತ್ತೇನೆ.

ನೀನೇ ಹೇಳಬೇಕು, ಒಪ್ಪಿದೆ. ನಾನು ಬಾಯಿ ಬಿಡುವುದಿಲ್ಲ, ನನ್ನಿಂದಲೂ ಅದು ಸಾಧ್ಯ. ಆದರೆ ಒಂದು ಸಲ ಹೇಳಿ ಮುಗಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಅದು ಮಾತ್ರ ಆಗುವುದಿಲ್ಲ. ಅವಳಿಗೆ ಉದ್ದದ ಮಾತು ನಿಲ್ಲುವುದಿಲ್ಲ, ಒಂದೇ ವಾಕ್ಯದಲ್ಲಿ ಹೇಳಬೇಕು. ಕೇಳಿಸಿಕೊಳ್ಳುತ್ತಾಳೆ. ಅಳಬಹುದು, ನಿನ್ನ ಕೊರಳಿಗೆ ಬೀಳಬಹುದು, ಏನೂ ಆಗದವಳ ಹಾಗೆ ಆಟಕ್ಕೂ ಹೋಗಬಹುದು. ಮರುದಿನ ಲೆಕ್ಕ ತಪ್ಪಿದಾಗ ಬಂದು "ನಂಗ್ಯಾಕೆ ಹೀಗಾಗತ್ತಮ್ಮ?" ಎಂದು ಕೇಳುತ್ತಾಳೆ, ಹಿಂದಿನ ದಿನ ನೀನು ಹೇಳಿದ್ದು ನೆನಪಿರುವುದಿಲ್ಲ. ಆಗ ಮತ್ತೆ ಹೇಳಬೇಕು. ನಾಡಿದ್ದು ಕೇಳಿದರೆ ನಾಡಿದ್ದೂ. ಅದಕ್ಕೆ ಗಟ್ಟಿಯಾಗಿ ಬಾ.

ಹೆಸ್ಟರ್


ಪೇಟೆಯ ಆಸ್ಪತ್ರೆ
12 ಜುಲೈ 1998

ಅಕ್ಕಾ,

ಗುರುವಾರ ಬಿಡುತ್ತಾರೆ. ಅಪೋಲಿಸ್ ಮಾಮನಿಗೆ ಆಸ್ಪತ್ರೆಯ ಗೇಟಿನ ಹತ್ತಿರವೇ ಲಾರಿ ನಿಲ್ಲಿಸಲು ಹೇಳು, ನಾನು ಅಡಗಿಕೊಳ್ಳುವುದಿಲ್ಲ.

ಪಕ್ಕದ ಹಾಸಿಗೆಯವಳು ನಾನು ಒಬ್ಬಳೇ ಮಾತಾಡಿಕೊಳ್ಳುತ್ತೇನೆಂದು ನರ್ಸಿಗೆ ದೂರು ಕೊಟ್ಟಿದ್ದಾಳೆ. ಡೆಲ್ಮರಿಗೆ ಹೇಳಬೇಕಾದ ಆ ಒಂದು ವಾಕ್ಯವನ್ನು ಹೇಳಿ ನೋಡುತ್ತಿದ್ದೆ. "ನಂಗೆ ಗೊತ್ತಿರ್ಲಿಲ್ಲ" ಎಂದು ಶುರು ಮಾಡಿದರೆ ಉದ್ದವಾಗುತ್ತದೆ. ಅದನ್ನು ಬಿಟ್ಟು ಹೇಳಹೋದರೆ ನನ್ನ ಬಾಯಿಂದ ಹೊರಗೆ ಬರುವುದಿಲ್ಲ. ಒಂದು ವಾಕ್ಯಕ್ಕೆ ಇನ್ನೂ ಇಳಿದಿಲ್ಲ, ಅಕ್ಕಾ. ದಾರಿ ಉದ್ದವಿದೆ, ಹೇಳಿಕೊಳ್ಳುತ್ತಾ ಬರುತ್ತೇನೆ. ಮಾಮನಿಗೆ ದಾರಿಯುದ್ದಕ್ಕೂ ನನ್ನನ್ನು ಮಾತಾಡಿಸಬೇಡ ಎಂದು ಹೇಳು.

ಡೀನಾ